98 ಇತ್ತು, ಆದರೂ ಅಮ್ಮನಿಗೆ ಉಸಿರು ಸಾಲುತ್ತಿರಲಿಲ್ಲ

ಈ ಅಂಕಣದಲ್ಲಿ ಸಾಮಾನ್ಯವಾಗಿ ಮೊಬೈಲು, ವೈಫೈ, ಬ್ಯಾಂಕ್ ಆ್ಯಪ್ ಅಂತ ನನಗೆ ಗೊತ್ತಿರೋ ವಿಷಯಗಳನ್ನೇ ಬರೀತೀನಿ. ಈ ಸಲ ನನಗೆ ಗೊತ್ತಿಲ್ಲದೇ ಇದ್ದ ಒಂದು ವಿಷಯ. ಗೊತ್ತಿದೆ ಅಂದುಕೊಂಡಿದ್ದೆ, ಅದೇ ತೊಂದರೆ ಆಗಿದ್ದು.

ಬೆಂಗಳೂರಿನಲ್ಲಿ ನಮ್ಮ ಬಾಡಿಗೆ ಮನೆ ಇರೋದು ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಮೂವತ್ತೆಂಟು ಮೆಟ್ಟಿಲು. ಅಪ್ಪ ಅಮ್ಮ ತಿಪಟೂರಿನಲ್ಲಿದ್ದಾರೆ. ಹಬ್ಬಕ್ಕೆ, ಮದುವೆಗೆ ಅಂತ ಬಂದು ಹೋಗ್ತಾರೆ. ಹೋದ ವರ್ಷ ದೀಪಾವಳಿಗೆ ಬಂದಾಗ ಅಮ್ಮ ಮೊದಲನೇ ಮಹಡಿಯ ತಿರುವಿನಲ್ಲಿ ನಿಂತುಬಿಟ್ಟಳು. ಅಲ್ಲಿ ಕೆಳಗಿನ ಮನೆಯವರು ಒಂದು ದಾಸವಾಳದ ಕುಂಡ ಇಟ್ಟಿದ್ದಾರೆ. "ಎಷ್ಟು ಚೆನ್ನಾಗಿ ಮೊಗ್ಗು ಬಿಟ್ಟಿದೆ ನೋಡೋ" ಅಂದಳು. ಇದ್ದ ನಾಲ್ಕು ದಿನವೂ, ಮೇಲೆ ಹತ್ತುವಾಗೆಲ್ಲ ಅಲ್ಲೇ ನಿಂತು ದಾಸವಾಳ ನೋಡೋಳು. ಅಮ್ಮನಿಗೆ ಗಿಡ ಅಂದ್ರೆ ಪ್ರಾಣ, ಹಾಗಾಗಿ ನನಗೆ ಏನೂ ಅನ್ನಿಸಲಿಲ್ಲ.

ಮೂರನೇ ದಿನ ಅಪ್ಪ ಮೆಲ್ಲಗೆ, "ಇವಳಿಗೆ ಇತ್ತೀಚೆಗೆ ಏದುಸಿರು ಬರುತ್ತಪ್ಪ, ಒಂದ್ಸಲ ನೋಡು" ಅಂದರು. ನಾನು ಇಂಜಿನಿಯರ್ ಅಲ್ವಾ, ಬೀರುವಿನಿಂದ 2021ರಲ್ಲಿ ಕೊಂಡಿದ್ದ ಆಕ್ಸಿಮೀಟರ್ ತೆಗೆದೆ. ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂತಲ್ಲ, ಬೆರಳಿಗೆ ಕ್ಲಿಪ್ಪಿನ ಹಾಗೆ ಸಿಕ್ಕಿಸೋದು, ಅದೇ. ಸೆಲ್ ಹಾಕಿ ಅಮ್ಮನ ಬೆರಳಿಗೆ ಸಿಕ್ಕಿಸಿದೆ. 98 ಬಂತು.

"ತೊಂಬತ್ತೆಂಟು ಇದೆ, ನನಗಿಂತ ಚೆನ್ನಾಗಿದೆ. ಏನೂ ಆಗಿಲ್ಲಮ್ಮ, ಸ್ವಲ್ಪ ವಾಕಿಂಗ್ ಮಾಡು" ಅಂದೆ. ಅಮ್ಮನಿಗೂ ಸಮಾಧಾನ ಆಯ್ತು. ಸ್ಕ್ರೀನಿನ ಫೋಟೋ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಿದೆ. ಅತ್ತೆ, ಚಿಕ್ಕಪ್ಪ ಎಲ್ಲ ಹೆಬ್ಬೆರಳು ಎತ್ತಿದರು. ಆಮೇಲೆ ಅಮ್ಮ ಫೋನಿನಲ್ಲಿ "ಸುಸ್ತು ಕಣೋ" ಅಂದಾಗಲೆಲ್ಲ ನನ್ನ ಉತ್ತರ ಒಂದೇ: "ಆಕ್ಸಿಜನ್ ಸರಿಯಾಗಿದೆಯಲ್ಲಮ್ಮ."

ಹೀಗೆ ಮೂರು ತಿಂಗಳು ಕಳೀತು.

ಫೆಬ್ರವರಿಯಲ್ಲಿ ನೆಂಟರ ಮನೆಯ ಗೃಹಪ್ರವೇಶದಲ್ಲಿ ಅಮ್ಮ ತಲೆಸುತ್ತಿ ಗೋಡೆ ಹಿಡಿದು ಕೂತಳು. ಅಪ್ಪ ಅಲ್ಲಿಂದಲೇ ಒಬ್ಬ ಲೇಡಿ ಡಾಕ್ಟರ ಹತ್ರ ಕರ್ಕೊಂಡು ಹೋದರು, ನಾನೂ ಹೋದೆ. ಡಾಕ್ಟ್ರು ಯಾವ ಮಿಷನ್ನೂ ಮುಟ್ಟಲಿಲ್ಲ. ಅಮ್ಮನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆ ಎಳೆದು ನೋಡಿದರು, ಅಂಗೈ ನೋಡಿದರು, ನಾಲಿಗೆ ನೋಡಿದರು. ಎರಡು ನಿಮಿಷವೂ ಆಗಿರಲಿಲ್ಲ, "ಅಮ್ಮ, ಅಕ್ಕಿ ಆರಿಸುವಾಗ ಹಸಿ ಅಕ್ಕಿ ಬಾಯಿಗೆ ಹಾಕ್ಕೋತೀರಾ?" ಅಂತ ಕೇಳಿದರು.

ಅಮ್ಮ ಕಳ್ಳತನ ಸಿಕ್ಕಿಬಿದ್ದ ಹುಡುಗಿ ಥರ ನಕ್ಕಳು. ಹೌದು, ತಿಂತಿದ್ದಳು. ವರ್ಷದಿಂದ ಮೊರದ ಮುಂದೆ ಕೂತರೆ ಮುಷ್ಟಿಗಟ್ಟಲೆ. "ಅಕ್ಕಿ ತಿಂದ್ರೆ ಮದುವೇಲಿ ಮಳೆ ಬರುತ್ತೆ ಅಂತ ನಾವು ತಮಾಷೆ ಮಾಡ್ತಿದ್ವಿ" ಅಂದೆ. ಡಾಕ್ಟ್ರು ನಗಲಿಲ್ಲ. ಕಬ್ಬಿಣದ ಅಂಶ ತೀರಾ ಕಡಿಮೆಯಾದವರಿಗೆ ಹಸಿ ಅಕ್ಕಿ, ಸೀಮೆಸುಣ್ಣ, ಮಣ್ಣು, ಐಸು ಇಂಥದ್ದನ್ನು ತಿನ್ನೋ ಚಪಲ ಬರುತ್ತಂತೆ. ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಸಂಜೆ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 6.5. ಹೆಂಗಸರಿಗೆ ಕನಿಷ್ಠ 12 ಇರಬೇಕು.

"ಮೇಡಂ, ಆಕ್ಸಿಜನ್ 98 ತೋರಿಸ್ತಿತ್ತಲ್ಲ" ಅಂದೆ.

"ಈಗಲೂ 98ಏ ತೋರಿಸುತ್ತೆ" ಅಂದರು. ಅವರ ಬೆರಳಿನ ಮೀಟರ್ ಹಾಕಿದರೆ, ನಿಜವಾಗಲೂ 98.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಉಸಿರಾಡೋ ಗಾಳಿ ಮೂಗಿನಿಂದ ಕಾಲಿನ ಬೆರಳಿನ ತನಕ ಹೇಗೆ ಹೋಗುತ್ತೆ ಅಂತ ಪಿಯುಸಿಯಲ್ಲಿ ಓದಿದ್ದನ್ನು ಮತ್ತೆ ಮೊದಲಿಂದ ಓದಿದೆ. ಗೊತ್ತಾಗಿದ್ದನ್ನು ನಿಮಗೂ ಹೇಳ್ತೀನಿ.

ಆಕ್ಸಿಜನ್ ನೀರಿನಲ್ಲಿ ಸಕ್ಕರೆ ಥರ ಕರಗೋ ವಸ್ತು ಅಲ್ಲ. ರಕ್ತದ ನೀರಿನಂಶದಲ್ಲಿ ಅದು ಕರಗೋದು ತೀರಾ ಕಡಿಮೆ. 100 ಮಿಲಿಲೀಟರ್ ರಕ್ತದಲ್ಲಿ ಬರೀ 0.3 ಮಿಲಿಲೀಟರಿನಷ್ಟು. ನಾವು ಸುಮ್ಮನೆ ಕೂತಿದ್ದರೂ ದೇಹಕ್ಕೆ ನಿಮಿಷಕ್ಕೆ ಸುಮಾರು 200ರಿಂದ 250 ಮಿಲಿಲೀಟರ್ ಆಕ್ಸಿಜನ್ ಬೇಕು. ಕರಗಿದ್ದನ್ನೇ ನಂಬಿಕೊಂಡಿದ್ದರೆ ಹೃದಯ ನಿಮಿಷಕ್ಕೆ 70, 80 ಲೀಟರ್ ರಕ್ತ ಪಂಪ್ ಮಾಡಬೇಕಾಗ್ತಿತ್ತು. ಅದು ಆರಾಮವಾಗಿ ಮಾಡೋದು 5 ಲೀಟರ್.

ಆದ್ದರಿಂದ ಆಕ್ಸಿಜನ್ನಿಗೆ ಗಾಡಿ ಬೇಕು. ಆ ಗಾಡಿಯೇ ಹಿಮೋಗ್ಲೋಬಿನ್. ಒಂದು ಹಿಮೋಗ್ಲೋಬಿನ್ ಅಂದ್ರೆ ನಾಲ್ಕು ಸೀಟಿನ ಒಂದು ಪುಟ್ಟ ಗಾಡಿ ಅಂದುಕೊಳ್ಳಿ. ಪ್ರತಿ ಸೀಟಿನಲ್ಲೂ ಕಬ್ಬಿಣದ ಒಂದು ಪರಮಾಣು ಇದೆ. ಒಂದು ಕಬ್ಬಿಣಕ್ಕೆ ಒಂದು ಆಕ್ಸಿಜನ್ ಅಣು, ಅಷ್ಟೇ. ಕಬ್ಬಿಣ ಇಲ್ಲ ಅಂದ್ರೆ ಸೀಟಿಲ್ಲ, ಸೀಟಿಲ್ಲದ ಗಾಡಿಯನ್ನು ದೇಹ ಕಟ್ಟೋದೇ ಇಲ್ಲ. ಇಂಥ ಸುಮಾರು 27 ಕೋಟಿ ಗಾಡಿಗಳು ಒಂದೇ ಒಂದು ಕೆಂಪು ರಕ್ತಕಣದೊಳಗೆ ತುಂಬಿಕೊಂಡಿರುತ್ತವೆ.

ಆ ಕೆಂಪು ಕಣದ ಕಥೆಯೂ ಸೊಗಸು. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಿ, ದೊಡ್ಡದಾಗುತ್ತಾ ಅದು ತನ್ನ ನ್ಯೂಕ್ಲಿಯಸ್ಸನ್ನೇ ಹೊರಗೆ ಹಾಕಿಬಿಡುತ್ತೆ. ಆಕ್ಸಿಜನ್ ಉರಿಸಿ ಶಕ್ತಿ ಮಾಡಿಕೊಳ್ಳೋ ಮೈಟೊಕಾಂಡ್ರಿಯಾವನ್ನೂ ಇಟ್ಟುಕೊಳ್ಳಲ್ಲ. ಅಂದ್ರೆ ಊರಿಗೆಲ್ಲ ಹಾಲು ಹಾಕೋನು ದಾರಿಯಲ್ಲಿ ಒಂದು ಗುಟುಕೂ ಕುಡಿಯಲ್ಲ. ಹೀಗೆ ಸುಮಾರು 120 ದಿನ ಓಡಾಡಿ ಸವೆದುಹೋಗುತ್ತೆ. ಅದರೊಳಗಿನ ಕಬ್ಬಿಣವನ್ನು ದೇಹ ಬಿಸಾಕಲ್ಲ, ತೆಗೆದಿಟ್ಟು ಹೊಸ ಕಣಕ್ಕೆ ಹಾಕುತ್ತೆ. ನಮ್ಮ ಇಡೀ ಮೈಯಲ್ಲಿರೋ ಕಬ್ಬಿಣ ಮೂರು ನಾಲ್ಕು ಗ್ರಾಂ, ಒಂದು ಸಣ್ಣ ಮೊಳೆಯಷ್ಟು. ಅದರಲ್ಲಿ ಹೆಚ್ಚುಕಮ್ಮಿ ಮೂರನೇ ಎರಡು ಭಾಗ ಈ ಸೀಟುಗಳಲ್ಲೇ ಇರೋದು. ಇಷ್ಟು ಜಿಪುಣತನದಿಂದ ಕಾಪಾಡಿಕೊಂಡ ಕಬ್ಬಿಣ ಹೊರಗೆ ಹೋಗೋದಕ್ಕೆ ಇರೋ ದೊಡ್ಡ ದಾರಿ ಒಂದೇ, ರಕ್ತ ಸೋರೋದು. ಇದನ್ನು ನೆನಪಿಟ್ಟುಕೊಳ್ಳಿ, ಅಮ್ಮನ ವಿಷಯಕ್ಕೆ ಮತ್ತೆ ಬರ್ತೀನಿ.

ಗಾಡಿ ಶ್ವಾಸಕೋಶಕ್ಕೆ ಬಂದಾಗ ನಾಲ್ಕೂ ಸೀಟು ತುಂಬಬೇಕು, ಕಾಲಿನ ಸ್ನಾಯುವಿಗೆ ಹೋದಾಗ ಇಳಿಸಬೇಕು. ಹತ್ತಿಸಿಕೊಳ್ಳೋದು, ಇಳಿಸೋದು ಎರಡೂ ಒಂದೇ ಗಾಡಿ ಮಾಡೋದು ಹೇಗೆ? ಮೊದಲ ಆಕ್ಸಿಜನ್ ಹತ್ತೋದು ಸ್ವಲ್ಪ ಕಷ್ಟ. ಅದು ಕೂತ ಕೂಡಲೇ ಇಡೀ ಗಾಡಿಯ ಆಕಾರ ಚೂರು ಬದಲಾಗಿ ಉಳಿದವರಿಗೆ ಸಲೀಸಾಗುತ್ತೆ. ಹಾಗೇ ಕೆಲವರು ಇಳಿದರೆ ಉಳಿದವರಿಗೂ ಇಳಿಯೋದು ಸುಲಭ. ಕೇಂಬ್ರಿಡ್ಜ್‌ನಲ್ಲಿ ಮ್ಯಾಕ್ಸ್ ಪೆರುಟ್ಜ್ ಅನ್ನೋ ವಿಜ್ಞಾನಿ 1937ರಲ್ಲಿ ಹಿಮೋಗ್ಲೋಬಿನ್ನಿನ ಆಕಾರ ಹುಡುಕೋಕೆ ಕೂತು, 1959ರಲ್ಲಿ ಅದರ ಮೊದಲ ಚಿತ್ರ ಕಂಡರು. ಇಪ್ಪತ್ತೆರಡು ವರ್ಷ! 1962ರಲ್ಲಿ ನೊಬೆಲ್ ಬಂತು. ನಾನು ಎರಡು ವಾರದಲ್ಲಿ ಬಗ್ ಸಿಗದಿದ್ದರೆ ಪ್ರಾಜೆಕ್ಟ್ ಬದಲಿಸಿ ಅಂತ ಮ್ಯಾನೇಜರ್ ಹತ್ರ ಗೋಗರೀತೀನಿ.

ಇಳಿಯಬೇಕಾದ ಸ್ಟಾಪ್ ಗಾಡಿಗೆ ಹೇಗೆ ಗೊತ್ತಾಗುತ್ತೆ? ಕೆಲಸ ಮಾಡ್ತಿರೋ ಸ್ನಾಯುವಿನ ಹತ್ತಿರ ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಆಮ್ಲ ಜಾಸ್ತಿ, ಬಿಸಿಯೂ ಜಾಸ್ತಿ. ಇವೆಲ್ಲ ಸೇರಿ ಹಿಮೋಗ್ಲೋಬಿನ್ನಿನ ಹಿಡಿತ ಸಡಿಲ ಮಾಡುತ್ತವೆ. ಕಾರ್ಬನ್ ಡೈಆಕ್ಸೈಡಿನ ಈ ಪಾತ್ರವನ್ನು 1904ರಲ್ಲಿ ತೋರಿಸಿದವರಲ್ಲಿ ಒಬ್ಬರು ಡೆನ್ಮಾರ್ಕಿನ ಕ್ರಿಸ್ಟಿಯನ್ ಬೋರ್, ಪರಮಾಣುವಿನ ಪಾಠದಲ್ಲಿ ನಾವು ಓದೋ ನೀಲ್ಸ್ ಬೋರ್ ಅವರ ತಂದೆ. ಎಲ್ಲಿ ಹೆಚ್ಚು ದುಡಿತವೋ ಅಲ್ಲಿ ಹೆಚ್ಚು ಇಳಿಸು. ಯಾರೂ ಅಪ್ಪಣೆ ಕೊಡಬೇಕಾಗಿಲ್ಲ.

ಈಗ ಆ 98ಕ್ಕೆ ಬರೋಣ.

ಆಕ್ಸಿಮೀಟರ್ ಮಾಡೋದು ಇಷ್ಟು: ಬೆರಳಿನ ಒಂದು ಕಡೆಯಿಂದ ಎರಡು ಬೆಳಕು ಹಾಯಿಸುತ್ತೆ. ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆಕ್ಸಿಜನ್ ತುಂಬಿದ ಹಿಮೋಗ್ಲೋಬಿನ್ ಕೆಂಪನ್ನು ಹೆಚ್ಚು ಬಿಡುತ್ತೆ, ಖಾಲಿ ಇರೋದು ಕೆಂಪನ್ನು ಹೆಚ್ಚು ನುಂಗುತ್ತೆ. ನಾಡಿ ಬಡಿದಾಗಲೆಲ್ಲ ಏರಿಳಿಯೋ ಬೆಳಕನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಚರ್ಮ, ಮೂಳೆ ಎಲ್ಲ ಬಿಟ್ಟುಹೋಗಿ ಅಪಧಮನಿಯ ರಕ್ತವೊಂದೇ ಉಳಿಯುತ್ತೆ. ಈ ಜಾಣ ಉಪಾಯ ಜಪಾನಿನ ಇಂಜಿನಿಯರ್ ತಕುವೊ ಅವೊಯಾಗಿ ಅವರದ್ದು, 1974ರದ್ದು. 2020ರ ಏಪ್ರಿಲ್‌ನಲ್ಲಿ, ಜಗತ್ತೆಲ್ಲ ಅವರ ಉಪಕರಣಕ್ಕೆ ಮುಗಿಬಿದ್ದಿದ್ದ ಹೊತ್ತಿನಲ್ಲೇ ಅವರು ತೀರಿಕೊಂಡರು.

ಆಮೇಲೆ ಮೀಟರ್ ಎರಡು ಬೆಳಕಿನ ಅನುಪಾತ ತೆಗೆಯುತ್ತೆ, ಅಂದ್ರೆ ಒಂದನ್ನು ಇನ್ನೊಂದರಿಂದ ಭಾಗಿಸುತ್ತೆ. ಗುಟ್ಟು ಇರೋದೇ ಇಲ್ಲಿ. ಭಾಗಿಸಿದ ಕೂಡಲೇ ಒಟ್ಟು ಎಷ್ಟು ಹಿಮೋಗ್ಲೋಬಿನ್ ಇತ್ತು ಅನ್ನೋದು ಹೊರಟುಹೋಗುತ್ತೆ. ಉಳಿಯೋದು ಶೇಕಡಾವಾರು ಮಾತ್ರ. ಬಂದ ಗಾಡಿಗಳಲ್ಲಿ ಎಷ್ಟು ಸೀಟು ಭರ್ತಿ ಅಂತ ಅದು ಹೇಳುತ್ತೆ. ಎಷ್ಟು ಗಾಡಿ ಬಂದವು ಅಂತ ಹೇಳಲ್ಲ.

ಅಮ್ಮನ ಶ್ವಾಸಕೋಶ ಚೆನ್ನಾಗಿತ್ತು. ಇದ್ದ ಗಾಡಿಗಳೆಲ್ಲ ತುಂಬಿಯೇ ಹೊರಡುತ್ತಿದ್ದವು, 98. ಆದರೆ ಗಾಡಿಗಳೇ ಅರ್ಧ ಇದ್ದವು.

ಲೆಕ್ಕ ಹಾಕಿ ನೋಡಿ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಕ್ಸಿಜನ್ ಹೊರುತ್ತೆ. ಹಿಮೋಗ್ಲೋಬಿನ್ 13 ಇರೋ ಹೆಂಗಸಿನ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 17 ಮಿಲಿಲೀಟರ್ ಆಕ್ಸಿಜನ್. ನಿಮಿಷಕ್ಕೆ 5 ಲೀಟರ್ ಓಡಿದರೆ 850 ಮಿಲಿಲೀಟರ್. ಕೂತಾಗ ಬೇಕಾಗಿರೋದು ಅದರ ಕಾಲು ಭಾಗ, ಉಳಿದದ್ದು ಕೈಗಾವಲಿಗೆ. ಅಮ್ಮನ 6.5ಕ್ಕೆ ಅದು 425 ಆಗುತ್ತೆ. ಕೂತಿದ್ದಾಗ ಹೇಗೋ ನಡೆಯುತ್ತೆ. ಮೂವತ್ತೆಂಟು ಮೆಟ್ಟಿಲು ಹತ್ತೋಕೆ ಹೋದರೆ ಬೇಡಿಕೆ ಹಲವು ಪಟ್ಟು ಏರುತ್ತೆ, ಕೊಡೋಕೆ ಇಲ್ಲ. ಆಗ ಎಷ್ಟು ಜೋರಾಗಿ ಉಸಿರು ಎಳೆದರೂ ಅಷ್ಟೇ. ಸೀಟೆಲ್ಲ ಭರ್ತಿ ಇರುವಾಗ ಸ್ಟ್ಯಾಂಡಿನಲ್ಲಿ ಜನ ಎಷ್ಟು ನಿಂತರೆ ಏನು?

ಇಂಥ ಹೊತ್ತಲ್ಲಿ ದೇಹಕ್ಕೆ ಇರೋ ದಾರಿ ಇದ್ದ ಗಾಡಿಗಳನ್ನೇ ಹೆಚ್ಚು ಟ್ರಿಪ್ ಓಡಿಸೋದು. ಅಂದ್ರೆ ಹೃದಯ ಹೆಚ್ಚು ಬಡಿಯಬೇಕು.

ಇದನ್ನು ಓದಿದ ಕೂಡಲೇ ಎದ್ದು ಕೂತು, ಫೋನಿನಲ್ಲಿ ದೀಪಾವಳಿಯ ಆ ಫೋಟೋ ಹುಡುಕಿದೆ. ಮೇಲೆ ದೊಡ್ಡದಾಗಿ 98. ಅದರ ಕೆಳಗೆ, ಅದೇ ಸ್ಕ್ರೀನಿನಲ್ಲಿ, ನಾಡಿ ಬಡಿತ: 112.

ಸೋಫಾದ ಮೇಲೆ ಸುಮ್ಮನೆ ಕೂತಿದ್ದ ಐವತ್ತು ವರ್ಷದ ಹೆಂಗಸಿಗೆ 112. ಮಿಷನ್ ಹೇಳಿತ್ತು. ನಾನು ನನಗೆ ಬೇಕಾದ ನಂಬರ್ ಓದಿ, ಇನ್ನೊಂದನ್ನು ನೋಡಿರಲಿಲ್ಲ. ಆಫೀಸಿನಲ್ಲಿ ಇದೇ ತಪ್ಪಿಗೆ ಬೇರೆಯವರಿಗೆ ಪಾಠ ಹೇಳಿದ್ದೀನಿ. ಒಂದು ಸಲ ನಮ್ಮ ಸರ್ವರಿನ ಡ್ಯಾಶ್‌ಬೋರ್ಡ್ 99.9 ಪರ್ಸೆಂಟ್ ಯಶಸ್ಸು ಅಂತ ಹಸಿರಾಗಿ ಹೊಳೀತಿತ್ತು. ಅರ್ಧ ಗ್ರಾಹಕರು ಸರ್ವರ್ ತನಕ ಬರೋಕೇ ಆಗ್ತಿರಲಿಲ್ಲ. ಬಂದವರಿಗೆ ಮಾತ್ರ 99.9. "ಪರ್ಸೆಂಟ್ ನೋಡಬೇಡಿ, ಎಷ್ಟರಲ್ಲಿ ಪರ್ಸೆಂಟ್ ಅಂತ ನೋಡಿ" ಅಂದಿದ್ದೆ ಅವತ್ತು. ಅಮ್ಮನ ವಿಷಯದಲ್ಲಿ ಆ ಬುದ್ಧಿ ಎಲ್ಲಿ ಹೋಗಿತ್ತೋ.

ಇನ್ನು ಗಾಡಿಗಳು ಅರ್ಧ ಆಗಿದ್ದು ಯಾಕೆ? ಮರುದಿನ ಡಾಕ್ಟ್ರು ನನಗೂ ಅಪ್ಪನಿಗೂ ಸ್ವಲ್ಪ ಹೊರಗೆ ಕೂತಿರಿ ಅಂದರು. ಹತ್ತು ನಿಮಿಷ ಆದ ಮೇಲೆ ಒಳಗೆ ಕರೆದಾಗ ಅಮ್ಮ ತಲೆ ತಗ್ಗಿಸಿದ್ದಳು. ಎರಡು ವರ್ಷದಿಂದ ತಿಂಗಳ ಮುಟ್ಟು ಹತ್ತು, ಹನ್ನೆರಡು ದಿನ ಹೋಗ್ತಿತ್ತಂತೆ. ಅಪ್ಪನಿಗೂ ಹೇಳಿಲ್ಲ, ತಂಗಿಗೂ ಹೇಳಿಲ್ಲ. "ನಿಲ್ಲೋ ವಯಸ್ಸು, ಎಲ್ರಿಗೂ ಹಂಗೇ ಅಂತ ಸುಮ್ನಿದ್ದೆ. ಹಂಗೆಲ್ಲ ನಿಮ್ಮತ್ರ ಹೇಳೋದಾ" ಅಂದಳು. ಸ್ಕ್ಯಾನಿನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಕಾಣಿಸಿತು, ಕ್ಯಾನ್ಸರ್ ಅಲ್ಲದ ಗಡ್ಡೆ. ಪ್ರತಿ ತಿಂಗಳೂ ಕಬ್ಬಿಣ ಸೋರಿ ಹೋಗ್ತಿತ್ತು. ಊಟದಲ್ಲಿ ಬರೋದು ಅದಕ್ಕೆ ಸಾಲುತ್ತಿರಲಿಲ್ಲ. ನಿಧಾನವಾಗಿ ಇಳಿದದ್ದರಿಂದ ದೇಹವೂ ಹೊಂದಿಕೊಂಡು ಹೋಗಿತ್ತು, ಅಮ್ಮನ ಥರವೇ, ಯಾರಿಗೂ ಹೇಳದೆ.

ಎರಡು ಬಾಟಲಿ ರಕ್ತ ಕೊಟ್ಟರು. ಒಂದು ಬಾಟಲಿಗೆ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಏರುತ್ತಂತೆ. ಹನಿ ಹನಿಯಾಗಿ ಇಳಿಯೋದನ್ನು ನೋಡ್ತಾ ಕೂತಿದ್ದೆ. ಯಾರೋ, ಎಲ್ಲೋ, ಯಾವುದೋ ಕ್ಯಾಂಪಿನಲ್ಲಿ ಕೈ ಚಾಚಿ ಕೊಟ್ಟ ಗಾಡಿಗಳು. ಆ ಪುಣ್ಯಾತ್ಮರ ಹೆಸರು ನಮಗೆ ಗೊತ್ತಾಗಲ್ಲ. ಮುಂದಿನ ತಿಂಗಳು ನಾನೂ ಹೋಗಿ ಒಂದು ಬಾಟಲಿ ಕೊಟ್ಟು ಬಂದೆ.

ಆಮೇಲೆ ಗಡ್ಡೆಗೆ ಚಿಕಿತ್ಸೆ, ಜೊತೆಗೆ ಕಬ್ಬಿಣದ ಮಾತ್ರೆ. ಡಾಕ್ಟ್ರು ಹೇಳಿದ ಕೆಲವು ಮಾತು ನಿಮಗೂ ಉಪಯೋಗಕ್ಕೆ ಬರಬಹುದು. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ನುಂಗಬಾರದು, ಅವು ಕಬ್ಬಿಣ ಹೀರದ ಹಾಗೆ ಮಾಡ್ತವೆ. ನಿಂಬೆ ಪಾನಕದ ಜೊತೆ ತಗೊಂಡರೆ ಒಳ್ಳೇದು. ಊಟ ಆದ ಕೂಡಲೇ ಕಾಫಿ ಕುಡಿಯೋ ಅಭ್ಯಾಸ ಇದ್ದರೆ ಒಂದು ಗಂಟೆ ಮುಂದಕ್ಕೆ ಹಾಕಿ. ಮಾತ್ರೆ ತಗೊಂಡಾಗ ಮಲ ಕಪ್ಪಾದರೆ ಗಾಬರಿ ಬೇಡ. ಮತ್ತೆ, ಹಿಮೋಗ್ಲೋಬಿನ್ ಸರಿಹೋಯ್ತು ಅಂತ ಮಾತ್ರೆ ನಿಲ್ಲಿಸಬಾರದು, ಖಾಲಿಯಾದ ಉಗ್ರಾಣ ತುಂಬೋಕೆ ಇನ್ನೂ ಕೆಲವು ತಿಂಗಳು ಬೇಕು. ಸೊಪ್ಪು, ಕಾಳು ತಿನ್ನೋದು ಒಳ್ಳೇದೇ. ಆದರೆ 6.5ಕ್ಕೆ ಇಳಿದ ಮೇಲೆ ನುಗ್ಗೆಸೊಪ್ಪಿನ ಪಲ್ಯವೊಂದೇ ಕಾಪಾಡಲ್ಲ. ಮುಖ್ಯವಾಗಿ, ಹಿಮೋಗ್ಲೋಬಿನ್ ಯಾಕೆ ಕಡಿಮೆಯಾಯ್ತು ಅಂತ ಹುಡುಕದೆ ಮಾತ್ರೆ ನುಂಗಿದರೆ ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ.

ಆಕ್ಸಿಮೀಟರ್ ಕೆಟ್ಟದ್ದು ಅಂತ ಬಿಸಾಕಬೇಡಿ. ಶ್ವಾಸಕೋಶ ಕೈಕೊಟ್ಟಾಗ, ಗಾಡಿಗಳು ಖಾಲಿ ಹೊರಟಾಗ ಅದು ಹೇಳುತ್ತೆ. ಕೋವಿಡ್‌ನಲ್ಲಿ ಎಷ್ಟೋ ಜೀವ ಉಳಿಸಿದ್ದು ಹಾಗೆ. ಆದರೆ ಅದು ಮೋಸ ಹೋಗೋ ಇನ್ನೊಂದು ಸಂದರ್ಭವೂ ಇದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ, ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಅದು ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಆ ಸೀಟುಗಳಲ್ಲಿ ಕೂತುಬಿಡುತ್ತೆ. ಮಾಮೂಲಿ ಮೀಟರಿಗೆ ಯಾರು ಕೂತಿದ್ದಾರೆ ಅನ್ನೋದು ಗೊತ್ತಾಗಲ್ಲ, ಸೀಟು ಭರ್ತಿ ಅಂತ ಚೆಂದದ ನಂಬರನ್ನೇ ತೋರಿಸುತ್ತೆ. ಹೀಗಾದಾಗ ಬೆರಳಿಗೆ ಮೀಟರ್ ಹಾಕ್ತಾ ಕೂರದೆ, ಹೊರಗೆ ಗಾಳಿಗೆ ಕರ್ಕೊಂಡು ಬಂದು ಆಸ್ಪತ್ರೆಗೆ ಓಡಬೇಕು.

2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಎಲ್ಲರದ್ದೂ ಅಮ್ಮನಷ್ಟು ಕೆಳಗೆ ಇಳಿದಿರಲ್ಲ. ಆದರೆ ನಿಮ್ಮ ಮನೆಯಲ್ಲೂ "ಸುಸ್ತು" ಅಂತ ಹೇಳಿ, ನೀವು ಏನಾದರೂ ಅನ್ನೋ ಮೊದಲೇ "ಏನಿಲ್ಲ ಬಿಡು" ಅನ್ನೋರು ಒಬ್ಬರು ಇರ್ತಾರೆ. ಅವರ ಬೆರಳಿಗೆ ಕ್ಲಿಪ್ ಹಾಕೋ ಬದಲು ಲ್ಯಾಬಿಗೆ ಕರ್ಕೊಂಡು ಹೋಗಿ ಹಿಮೋಗ್ಲೋಬಿನ್ ನೋಡಿಸಿ. ಒಂದು ಸೂಜಿಯ ಕೆಲಸ. ಗಂಡುಮಕ್ಕಳ ಮುಂದೆ ಹೇಳೋಕೆ ಸಂಕೋಚ ಇದ್ದರೆ, ನಾನು ಮೊದಲ ದಿನವೇ ಮಾಡಬೇಕಿದ್ದ ಹಾಗೆ, ಡಾಕ್ಟ್ರ ಹತ್ರ ಅವರನ್ನು ಒಬ್ಬರನ್ನೇ ಬಿಟ್ಟು ಹೊರಗೆ ಬನ್ನಿ.

ಹೋದ ವಾರ ಅಮ್ಮ ಬಂದಿದ್ದಳು. ಹಿಮೋಗ್ಲೋಬಿನ್ ಈಗ 12.1. ಬ್ಯಾಗ್ ಹಿಡಿದುಕೊಂಡು ನಾನು ಹಿಂದೆ, ಅಮ್ಮ ಮುಂದೆ. ಬಾಗಿಲಿನ ಹತ್ರ ಬಂದು ಬೀಗ ತೆಗೀತಾ, ಬೇಕಂತಲೇ ಕೇಳಿದೆ, "ಕೆಳಗಿನ ದಾಸವಾಳ ಹೂ ಬಿಟ್ಟಿದೆಯಾ ಅಮ್ಮ?"

"ಅಯ್ಯೋ, ನೋಡಲೇ ಇಲ್ಲ ಕಣೋ" ಅಂದಳು.